ಜೋಡಿ ಮೀನೋ ಒಂಟಿ ಮೀನೋ

ಶುಕ್ರವಾರ. ಉಪವಾಸದಲ್ಲೇ ನೆಲ ಒರೆಸಿ, ಬಟ್ಟೆ ಒಗೆದು, ಸಾಕುವ ಬಣ್ಣದ ಮೀನಿನಂಗಡಿಗೆ ಹೋದೆ. ತನ್ನ ಕೂಸು ತೀರಿಹೋದಮೇಲೆ ಮಗಳು ಮಾತು ಬಿಟ್ಟಿದ್ದಾಳೆ. ಕೂಸಿಗೆಂದು ತಂದಿದ್ದ ಪುಟ್ಟ ಗಾಜಿನ ತೊಟ್ಟಿಯ ಮುಂದೆ ಕೂತಿರುತ್ತಾಳೆ, ಅದರಲ್ಲಿ ಬರೀ ನೀರು.

ಸಿಕ್ಲಿಡ್ ಎಂಬ ಮೀನಿನ ಜೋಡಿಯೊಂದು ಮನಸ್ಸಿಗೆ ಹಿಡಿಸಿತು. ಅಂಗಡಿಯವನು, "ಅಮ್ಮಾ, ಇವು ಮರಿಗಳನ್ನ ಕಣ್ಣಲ್ಲಿ ಕಣ್ಣಿಟ್ಟು ಕಾಯ್ತವೆ. ಆದ್ರೆ ಚಿಕ್ಕ ತೊಟ್ಟೀಲಿ ಹೆದರಿದ್ರೆ ತಾವೇ ತಿಂದ್ಬಿಡ್ತವೆ. ಒಂದೇ ತಗೊಳ್ಳಿ, ತಂಟೆ ಇಲ್ಲ," ಅಂದ.

"ಒಂಟಿಯಾಗಿರೋದು ತಂಟೆ ಅಲ್ವೇನಪ್ಪಾ?"

"ಮೀನಿಗೆ ಅದೆಲ್ಲ ಎಲ್ಲಿದ್ಯಮ್ಮಾ!" ಎಂದು ನಕ್ಕ.

ಬರಿಗೈಯಲ್ಲಿ ಬಂದೆ. "ಜೋಡಿ ತರ್ಲಾ, ಒಂದೇ ತರ್ಲಾ, ಪುಟ್ಟೀ?" ಎಂದರೆ ಮಗಳು ನೀರನ್ನೇ ನೋಡಿದಳು. ಜೋಡಿ ತಂದು, ಅವು ಮರಿ ತಿನ್ನುವುದನ್ನು ಇವಳು ಕಂಡರೆ ಏನು ಗತಿ? ಒಂಟಿ ಮೀನು ತಂದರೆ, ನಿನಗಿನ್ನು ಕೂಸಿಲ್ಲವೆಂದು ನಾನೇ ಹೇಳಿದಂತೆ. ದೇವರೇ, ಬೈಗುಳವಾದರೂ ಸರಿ, ಅವಳ ಬಾಯಿಂದ ಒಂದು ಉತ್ತರ ನೀನೇ ತಂದುಕೊಡು.