ಬೆಂಚಿನ ಅರ್ಜಿ

ಮಂಗಳವಾರ, ಹನ್ನೆರಡನೇ ತಾರೀಖು

ಏರುದಾರಿಯ ನಡುವೆ ಬೆಂಚು ಬರಬೇಕಿದ್ದ ಜಾಗಕ್ಕೆ ಇವತ್ತು ಕಬ್ಬಿಣದ ಗೇಟು ಬಂತು. ಬೀದಿಯವರು ಈ ಕೆಲಸಕ್ಕೆ ಎಷ್ಟು ಮೈಬಗ್ಗಿಸಿ ದುಡಿಯುತ್ತಾರೋ ಆ ಕೂಲಿಗೆ ಸಮನಾಗಿ ನಗರಸಭೆ ಹಣ ಹಾಕುತ್ತದೆ ಎಂದಿದ್ದರು. ಕೂತು ಉಸಿರು ಬಿಡಲು ಒಂದು ಜಾಗವಾಗಲಿ ಎಂದು ಈ ಹಾಳು ಮಂಡಿ ಇಟ್ಟುಕೊಂಡು ಒಂಬತ್ತು ದಿನ ಅಲ್ಲಿ ಕಲ್ಲು ಆಯ್ದೆ. ಅರ್ಜಿ ಓದಿ ಹೇಳಿದವಳು ಮಗಳು. "ಬೆಂಚಿಗೇ ಅಮ್ಮ, ಸೈನ್ ಹಾಕು" ಎಂದಳು. ಹಾಕಿದೆ.

ಇವತ್ತು ಕೇಳಿದರೆ, "ಬೆಂಚಿದ್ರೆ ಕಂಡಕಂಡೋರೆಲ್ಲ ಬಂದು ಕೂರ್ತಾರೆ. ನಿಂಗೆ ಮೊದ್ಲೇ ಹೇಳಿದ್ರೆ ಬೀದಿರಂಪ ಮಾಡ್ತಿದ್ದೆ" ಎಂದಳು.

"ಆ ಕಂಡಕಂಡೋರಲ್ಲಿ ನಿನ್ನ ಹೆತ್ತೋಳೂ ಒಬ್ಳು ಕಣೇ" ಎಂದೆ.

ಅರ್ಜಿಯ ನಕಲು ತಂದು ಈಗ ಅದರ ಕಚೇರಿ ಕನ್ನಡವನ್ನು ಅಕ್ಷರ ಕೂಡಿಸಿ ಓದಿದೆ. ಗೇಟು. ಎರಡೇ ಅಕ್ಷರ, ನನಗೂ ಬರುತ್ತಿತ್ತು. ಅವತ್ತು ಅವಳ ಮುಖವನ್ನೇ ನೋಡುತ್ತಾ ಕೂತಿದ್ದೆ, ನನ್ನ ಮಗಳು ಎಷ್ಟು ಚೆನ್ನಾಗಿ ಓದುತ್ತಾಳೆ ಎಂದು.