ಎತ್ತದ ಕೋಲು

ಮಾರ್ಚ್ ೯, ಭಾನುವಾರ

ಸೈನ್ಯದ ಬ್ಯಾಂಡಿನ ಮಾಜಿ ಮಾಸ್ಟರ್ ಸಾಹೇಬರಿಗೆ,

ಹನ್ನೊಂದು ವರ್ಷದಿಂದ ಬೇರೆ ಮನೆಯಲ್ಲಿರುವ ನಿಮ್ಮ ಹೆಂಡತಿಯ ನಮಸ್ಕಾರ. ಕ್ಷೇಮವೇ ಎಂದು ಕೇಳುವಷ್ಟು ತಾಳ್ಮೆ ಇವತ್ತು ಉಳಿದಿಲ್ಲ. ನೀವು ಬರೆದ ಬ್ಯಾಂಡಿನ ನೂರು ವರ್ಷದ ಇತಿಹಾಸ ನಮ್ಮ ಪ್ರೆಸ್ಸಿಗೆ ಬಂದು, ಕರಡು ತಿದ್ದುವ ನನ್ನ ಮೇಜಿನ ಮೇಲೇ ಕೂತಿದೆ. ಊರಿನಲ್ಲಿ ಬೇರೆ ಪ್ರೆಸ್ಸೇ ಇರಲಿಲ್ಲವೇ? ಗುರುವಾರ ಅಚ್ಚಿಗೆ ಹೋಗಬೇಕಂತೆ. ವಾರದಿಂದ ಹಲ್ಲು ಕಚ್ಚಿಕೊಂಡು ಓದುತ್ತಿದ್ದೇನೆ.

ಎಂಥ ಪುಸ್ತಕ ಬರೆದಿದ್ದೀರಿ, ಪುಣ್ಯಾತ್ಮರೇ! ಮೊದಲ ಬ್ಯಾಂಡಿನಲ್ಲಿ ಎಷ್ಟು ಕೊಳಲು, ಎಷ್ಟು ಕಹಳೆ, ಯಾವ ವರ್ಷ ಕೋಟಿನ ಗುಂಡಿ ಏಳರಿಂದ ಒಂಬತ್ತಾಯಿತು, ಎಲ್ಲ ಇದೆ. ಗುಂಡಿಗೇ ಮೂರು ಪುಟ. ಯುದ್ಧ ಬಂದಾಗ ವಾದ್ಯಗಳನ್ನು ಪೆಟ್ಟಿಗೆಗೆ ಹಾಕಿ, ಬ್ಯಾಂಡಿನವರೇ ಸ್ಟ್ರೆಚರ್ ಹೊತ್ತು ಗಾಯಾಳುಗಳನ್ನು ತರುತ್ತಿದ್ದ ಸಂಗತಿಗೆ ಒಂದೂವರೆ ಪುಟ. ಅದರ ಕೊನೆಗೆ, ‘ಈ ಕಾರ್ಯದಲ್ಲಿ ಒಬ್ಬ ಯೂಫೋನಿಯಂ ವಾದಕ ಮಡಿದನು.’ ಅಷ್ಟೇ. ಆ ಒಬ್ಬ ನನ್ನ ತಮ್ಮ. ಭಾವ ಭಾವ ಎಂದು ನಿಮ್ಮ ಹಿಂದೆ ಸುತ್ತಿ, ಆ ದಪ್ಪ ಹಿತ್ತಾಳೆ ವಾದ್ಯವನ್ನು ಮಗುವಿನಂತೆ ಎದೆಗವಚಿಕೊಂಡು ಊದುವುದನ್ನು ಕಲಿತವನು. ಅದರ ಮೂತಿಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆದು ನನ್ನಿಂದ ದಿನಾ ಬೈಸಿಕೊಳ್ಳುತ್ತಿದ್ದವನು. ಗುಂಡಿಗಿಂತ ಕಡೆಯಾದನೇ ಅವನು?

ಅದನ್ನೂ ನುಂಗಿಕೊಂಡೆ. ನೂರಹನ್ನೆರಡನೇ ಪುಟ ಮಾತ್ರ ನುಂಗಲಾಗಲಿಲ್ಲ. ಸೈನಿಕನ ಅಂತ್ಯಯಾತ್ರೆಯಲ್ಲಿ ಹೋಗುವಾಗ ನಿಧಾನದ ಮಾರ್ಚ್, ಮಣ್ಣು ಮಾಡಿ ಮರಳುವಾಗ ಚುರುಕಿನ ಮಾರ್ಚ್ ನುಡಿಸುವುದು ಪದ್ಧತಿ, ಬದುಕಿರುವವರು ಕುಗ್ಗಬಾರದೆಂದು ಹೀಗೆ, ಎಂದು ಬರೆದಿದ್ದೀರಿ. ‘ಬ್ಯಾಂಡಿನವನೇ ಮಡಿದಾಗಲೂ ಮಾಸ್ಟರರ ಆಜ್ಞೆಯಂತೆ ಇದನ್ನು ಪಾಲಿಸಲಾಯಿತು’ ಎಂದೂ ಬರೆದಿದ್ದೀರಿ. ಓದಿ ಮೈಯೆಲ್ಲ ಉರಿಯಿತು.

ತಮ್ಮನ ಅಂತ್ಯಯಾತ್ರೆಯ ದಿನ ಅಮ್ಮನಿಗೆ ನಡೆಯಲಾಗದೆ ಅವಳೂ ನಾನೂ ಅವಳ ಮನೆಯ ಕಿಟಕಿಯಲ್ಲೇ ನಿಂತಿದ್ದೆವು. ಮಗನನ್ನು ಮಣ್ಣಿಗಿಟ್ಟು ಬಂದ ಬ್ಯಾಂಡು ಕುಣಿಯುವಂಥ ರಾಗ ಊದಿಕೊಂಡು ಮನೆ ಮುಂದೆಯೇ ಹಾದು ಹೋಯಿತು. ಕಿಟಕಿ ಮುಚ್ಚೇ ಅಂದಳು ಅಮ್ಮ. ಆಮೇಲೆ ಆ ಮನೆಯಲ್ಲಿ ರೇಡಿಯೊ ಕೂಡ ಹಾಡಲಿಲ್ಲ. ಸಂಜೆ ನಿಮ್ಮನ್ನು ಕೇಳಿದೆ, ನೀವೇ ಮಾಸ್ಟರರ ಕೋಲು ಎತ್ತಿ ಸನ್ನೆ ಕೊಟ್ಟು ನುಡಿಸಿದ್ರಾ ಅಂತ. ಹೌದು, ಪದ್ಧತಿ ಅದು ಅಂದಿರಿ. ಬೂಟಿನ ದಾರ ಬಿಚ್ಚುತ್ತ ಅಂದಿರಿ, ತಲೆಯನ್ನೂ ಎತ್ತಲಿಲ್ಲ. ಅವತ್ತೇ ನಾನು ಗಂಟುಮೂಟೆ ಕಟ್ಟಿದ್ದು.

ಆ ಸಾಲನ್ನು ಹಾಗೇ ಬಿಡಲಾರದೆ ಮೊನ್ನೆ ಶುಕ್ರವಾರ ದೊಡ್ಡ ಡ್ರಮ್ಮು ಬಾರಿಸುತ್ತಿದ್ದ ಡ್ರಮ್ಮಣ್ಣನವರ ಮನೆ ಹುಡುಕಿಕೊಂಡು ಹೋದೆ. ಈಗ ಕಿವಿ ಮಂದ, ದನಿ ಮಾತ್ರ ಡ್ರಮ್ಮಿನಷ್ಟೇ ಜೋರು. ಆ ದಿನದ ವಿವರ ಬೇಕಿತ್ತು ಅಂದೆ. ಅಷ್ಟಕ್ಕೇ ಅತ್ತುಬಿಟ್ಟರು. ಮಾಸ್ಟರು ಕೋಲೇ ಎತ್ತಿರಲಿಲ್ಲ ಕಣಮ್ಮಾ ಅಂದರು.

ಸ್ಮಶಾನದ ಗೇಟಿನಿಂದ ನೂರಿಪ್ಪತ್ತು ಹೆಜ್ಜೆಗೆ ನೀವು ಕೋಲು ಎತ್ತುವುದು ವಾಡಿಕೆಯಂತೆ. ಹೊಟ್ಟೆಯ ಮೇಲಿನ ಡ್ರಮ್ಮು ಅಡ್ಡವಾಗಿ ಅವರಿಗೆ ಮುಂದೇನೂ ಕಾಣದು. ಇಪ್ಪತ್ತು ವರ್ಷ ಹೆಜ್ಜೆ ಎಣಿಸಿಯೇ ಬಾರಿಸಿದ್ದಂತೆ. ಅವತ್ತೂ ಎಣಿಸಿದರು. ನೂರಿಪ್ಪತ್ತಕ್ಕೆ ಕೈ ತಾನಾಗಿ ಎರಡು ಏಟು ಹಾಕಿತು. ಏಟು ಬಿದ್ದರೆ ಊದುವುದೊಂದೇ ಗೊತ್ತಿದ್ದ ಮೂವತ್ತು ಜನ ಊದಿದರು. ನೀವು ತಿರುಗಿ ಡ್ರಮ್ಮಣ್ಣನವರ ಮುಖ ನೋಡಿದಿರಂತೆ. ಮತ್ತೆ ಮುಂದೆ ತಿರುಗಿ, ನೀವೇ ಹೇಳಿ ಮಾಡಿಸಿದ್ದು ಎಂಬಂತೆ ಕೋಲು ಎತ್ತಿದಿರಂತೆ. ಮರುದಿನ ಅವರು ಕಾಲು ಹಿಡಿಯಲು ಬಂದರೆ, ಬ್ಯಾಂಡಿನಲ್ಲಿ ಯಾರು ತಪ್ಪಿದರೂ ಅದು ಕೋಲು ಹಿಡಿದವನ ತಪ್ಪು, ಹೋಗಪ್ಪ ಅಂದಿರಂತೆ.

ಹೋಗಪ್ಪ! ಅವರಿಗೇನೋ ಅಷ್ಟರಲ್ಲಿ ಮುಗಿಯಿತು. ನನಗೆ? ನಾನೇನು ನಿಮ್ಮ ಮೂರನೇ ಸಾಲಿನ ಕಹಳೆಯವಳೇ, ಕೋಲು ನೋಡಿಕೊಂಡು ಸುಮ್ಮನೆ ಹೆಜ್ಜೆ ಹಾಕಲು? ಒಂದೇ ಒಂದು ಮಾತು ನನ್ನ ಕಿವಿಯಲ್ಲಿ ಹೇಳಿದ್ದರೆ ಯಾರ ತಲೆ ಹೋಗುತ್ತಿತ್ತು? ಅಮ್ಮ ಅಳಿಯನನ್ನು ಬೈಯುತ್ತಲೇ ಕಣ್ಣು ಮುಚ್ಚಿದಳು. ಅವಳಿಗೆ ಇನ್ನು ಯಾರು ಹೇಳುತ್ತಾರೆ? ಹನ್ನೊಂದು ವರ್ಷ ಇಲ್ಲದ ಕಾರಣಕ್ಕೆ ನಿಮ್ಮ ಮೇಲೆ ಸಿಟ್ಟಾಗಿದ್ದೆ. ಈಗ ಇರುವ ಕಾರಣಕ್ಕೇ ಸಿಟ್ಟು ಬಂದಿದೆ, ಅದಕ್ಕಿಂತ ಜಾಸ್ತಿ ಬಂದಿದೆ.

ಆ ಸಾಲನ್ನು ಹೊಡೆದು ಹಾಕಿದ್ದೇನೆ. ನಡೆದದ್ದನ್ನು ಡ್ರಮ್ಮಣ್ಣನವರೇ ಹೇಳಿ ಬರೆಸಿ ಸಹಿ ಹಾಕಿದ್ದಾರೆ, ನಿಮ್ಮ ಪುಸ್ತಕದಲ್ಲಿ ಬರಲೇಬೇಕು ಎಂದಿದ್ದಾರೆ. ಲೇಖಕರು ಒಪ್ಪದೆ ಒಂದಕ್ಷರ ಸೇರಿಸುವಂತಿಲ್ಲ ಎನ್ನುತ್ತಾರೆ ಪ್ರೆಸ್ಸಿನ ಯಜಮಾನರು. ಬುಧವಾರದೊಳಗೆ ನನ್ನ ಮನೆಗೆ ಬಂದು ಒಪ್ಪಿಗೆ ಕೊಡಿ, ಇಲ್ಲವೇ ನನ್ನೆದುರೇ ಅದನ್ನು ಹರಿದು ಹಾಕಿ. ಈ ಪತ್ರ ತರುವವರು ಡ್ರಮ್ಮಣ್ಣನವರೇ, ಬಾಗಿಲಲ್ಲಿ ನಿಲ್ಲಿಸಬೇಡಿ. ಅವರ ಕೈಯಲ್ಲಿ ಉತ್ತರವನ್ನೂ ಕಳಿಸಬೇಡಿ.

ಸಿಟ್ಟು ಇನ್ನೂ ಇಳಿಯದ,
ನಿಮ್ಮ ಹೆಂಡತಿ

ತಾ.ಕ.: ಪುಸ್ತಕದ ಕೊನೆಯ ಪಟ್ಟಿಯಲ್ಲಿ, ಹದಿನೇಳನೇ ನಂಬರಿನ ಯೂಫೋನಿಯಂ ‘ಯುದ್ಧಕಾಲದಲ್ಲಿ ಕಳೆದುಹೋಗಿದೆ’ ಎಂದಿದೆ. ಅದೂ ತಪ್ಪು. ಹೊರಡುವ ದಿನ ತಮ್ಮ ಅದನ್ನು ನನ್ನ ಕೈಗೆ ಕೊಟ್ಟು ಹೋಗಿದ್ದ. ಉಗ್ರಾಣದವರು ಕೇಳಿಕೊಂಡು ಬಂದಾಗ ಗೊತ್ತಿಲ್ಲ ಅಂದೆ, ನೀವು ಕೇಳಿದಾಗಲೂ ಅದನ್ನೇ ಅಂದೆ. ಇಷ್ಟು ವರ್ಷವೂ ನನ್ನ ಮಂಚದ ಕೆಳಗೇ ಇದೆ. ವಾರಕ್ಕೊಮ್ಮೆ ಒರೆಸುತ್ತೇನೆ. ನಡುವಿನ ಒತ್ತುಗುಂಡಿ ಅಂಟಿಕೊಂಡಿದೆ, ಬರುವಾಗ ಎಣ್ಣೆ ತನ್ನಿ.