ಎಪ್ಪತ್ತನಾಲ್ಕು ಕೆ.ಜಿ.ಯ ಒಳಗೆ

ಜೂನ್ 9, ಬೆಳಿಗ್ಗೆ 6.50

ಇವತ್ತೂ ಐದಕ್ಕೇ ಎದ್ದೆ. ಕ್ವಾರ್ಟರ್ಸ್ ಗೇಟಿನಿಂದ ಡ್ಯಾಂ ಗಾರ್ಡನ್ ತನಕ, ಅಲ್ಲಿಂದ ಕಾಲುವೆ ಏರಿಯ ಮೇಲೆ ವಾಪಸ್. ಐವತ್ತೆಂಟು ನಿಮಿಷ. ಇಪ್ಪತ್ತೆರಡನೇ ದಿನ. ತೊಡೆ ಉಜ್ಜಿ ಉಜ್ಜಿ ಕೆಂಪಾಗಿದೆ, ಪೌಡರ್ ಹಾಕಿದೆ.

ಬಂದು ಮಷೀನಿನ ಮೇಲೆ ನಿಂತೆ. 89.0.

ಶುರು ಮಾಡಿದ ದಿನ 88.6 ಇತ್ತು. ಏರಿದೆ! ಮಷೀನ್ ಜಾಗ ಬದಲಿಸಿ ನೋಡಿದೆ. ಕಿವಿಯೋಲೆ ತೆಗೆದು ನೋಡಿದೆ. ಅದೇ.

ಜೂನ್ 10

ಆಫೀಸಿನಲ್ಲಿ ಎಲ್ಲರಿಗೂ ಕುತೂಹಲ. ಅಟೆಂಡರ್ ಸುಂಕಮ್ಮ ಫೈಲ್ ಇಡುತ್ತಾ ಕೇಳಿಯೇಬಿಟ್ಟಳು. "ಮದ್ವಿ ಏನರ ಗೊತ್ತಾತೇನ್ರಿ ಮೇಡಂ? ದಿನಾ ವಾಕಿಂಗ್ ಹೊಂಟೀರಂತ."

ನಲವತ್ತನಾಲ್ಕಕ್ಕೆ ಮದುವೆ! ನಕ್ಕು ಫೈಲ್ ಬಿಡಿಸಿದೆ. ಯಾರಿಗೂ ಹೇಳಿಲ್ಲ, ಅಮ್ಮನಿಗೂ. ಇಲ್ಲಿ ಮಾತ್ರ ಬರೆಯುತ್ತೇನೆ.

ಏಪ್ರಿಲ್ ಕೊನೆಗೆ ಪಂಪೇಶ್ ಆಫೀಸಿಗೆ ಬಂದಿದ್ದ. ನನ್ನ ತಂಗಿ ಪೂಜಿತಾಳ ಗಂಡ. ಸಂಡೂರಿನ ಗಣಿಯಲ್ಲಿ ಅಗೆಯುವ ಹಿಟಾಚಿ ಯಂತ್ರದ ಆಪರೇಟರ್. ನಾನು ಅವನ ಮುಖವನ್ನು ನೆಟ್ಟಗೆ ನೋಡಿದ್ದೇ ಅವತ್ತು ಮೊದಲು. ಕುಂದ್ರಿ ಅಂದರೂ ಕೂರಲಿಲ್ಲ.

"ಅಕ್ಕಾರ, ಪೂಜಾನ ಎರಡೂ ಕಿಡ್ನಿ ಹೋಗ್ಯಾವ್ರಿ. ವಾರಕ್ಕ ಎರಡು ಸಲ ಡಯಾಲಿಸಿಸ್. ನಂದು ಕೊಡಾಕ ಹೋದೆ, ಬ್ಲಡ್ ಗ್ರೂಪ್ ಕೂಡಲಿಲ್ಲ. ಆಕಿಗೆ ಗೊತ್ತಿಲ್ಲ ನಾ ಬಂದಿದ್ದು. ನಿಮಗ ಗೊತ್ತಿರಲಿ ಅಂತ ಅಷ್ಟ."

ಏನೂ ಕೇಳಲಿಲ್ಲ. ಹೋದ.

ಪೂಜಿದು ಓ ಪಾಸಿಟಿವ್. ನಂದೂ. ಅಮ್ಮನಿಗೆ ಶುಗರ್, ಅಪ್ಪನಿಗೆ ಬಿ.ಪಿ. ಉಳಿದವಳು ನಾನೊಬ್ಬಳೇ. ಮಾರನೇ ವಾರ ರಜೆ ಹಾಕಿ ಹುಬ್ಬಳ್ಳಿಗೆ ಹೋಗಿ ಡಾಕ್ಟರನ್ನು ಕಂಡೆ. ಅವರು ರಕ್ತ, ಸ್ಕ್ಯಾನ್ ಎಲ್ಲಾ ನೋಡಿ, ಎಲ್ಲಾ ಸರಿ ಇದೆ, ಈ ತೂಕದಲ್ಲಿ ಮಾತ್ರ ಆಪರೇಷನ್ ಮಾಡುವುದಿಲ್ಲ ಅಂದರು. ನನ್ನ ಎತ್ತರಕ್ಕೆ ಎಪ್ಪತ್ತನಾಲ್ಕರ ಒಳಗೆ ಬರಬೇಕಂತೆ.

ಹದಿನೈದು ಕೆ.ಜಿ. ಪೂಜಿ ಎರಡು ವರ್ಷದವಳಿದ್ದಾಗ ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದೆನಲ್ಲ, ಆಗ ಅವಳು ಅಷ್ಟಿರಲಿಲ್ಲ.

ಜೂನ್ 24

ಹೊಸಪೇಟೆಯಲ್ಲಿ ಡಯಟಿಷಿಯನ್ ರೇಣುಕಾದೇವಿ ಅವರನ್ನು ಕಂಡೆ. ಸಣ್ಣ ವಯಸ್ಸು, ಮಾತು ಜೋರು. ದಿನಾ ಒಂದು ತಾಸು ನಡೆದರೂ ಯಾಕೆ ಇಳಿಯುತ್ತಿಲ್ಲ ಎಂದು ಕೇಳಿದೆ.

"ನಡದು ಬಂದ ಮ್ಯಾಲ ಏನ್ ತಿಂತೀರಿ?"

"ಮಂಡಕ್ಕಿ ಒಗ್ಗರಣಿ... ಮಿರ್ಚಿ ಭಜಿ. ಹಸಿವು ಭಾಳ ಆಗತೈತ್ರಿ."

"ಎಷ್ಟು ಮಿರ್ಚಿ?"

"ನಾಕು."

"ಒಂದು ತಾಸಿಗೆ ಎರಡು ಮಿರ್ಚಿ ಕರಗತಾವ ಮೇಡಂ. ಉಳಿದೆರಡು, ಒಗ್ಗರಣಿ, ಚಾ, ಅವೆಲ್ಲಾ ಎಲ್ಲಿ ಹೋಗಬೇಕು? ತೂಕ ಮೊದಲು ಇಳಿಯೋದು ಉಣ್ಣೋ ತಾಟಿನಾಗ. ನಡಿಗಿ ಬಿಡಬ್ಯಾಡ್ರಿ, ಅದು ಬ್ಯಾರೆ ಕೆಲಸಕ್ಕ ಬೇಕು. ಆದ್ರ ಬರೇ ನಡದು ಇಳಿಸ್ತೀನಂದ್ರ ಆಗೂದಿಲ್ಲ."

ಚಾರ್ಟ್ ಕೊಟ್ಟರು. ಜೋಳದ ರೊಟ್ಟಿ ಎರಡು, ಪಲ್ಯ ರೊಟ್ಟಿಗಿಂತ ಹೆಚ್ಚು, ಮೊಳಕೆ ಕಾಳು, ಮಜ್ಜಿಗೆ. ಮಧ್ಯಾಹ್ನ ಒಂದೇ ಬಟ್ಟಲು ಅನ್ನ.

ಒಂದು ಬಟ್ಟಲು! ಕಂಪ್ಲಿಯ ರೈಸ್ ಮಿಲ್ ಮಾಲೀಕ ಕೊಟ್ರಬಸಪ್ಪನ ಮಗಳಿಗೆ.

ಜುಲೈ 6

ಚಾರ್ಟ್ ನಿಧಾನ. ಪೂಜಿಗೆ ಅಷ್ಟು ಟೈಮ್ ಇದೆಯೋ ಇಲ್ಲವೋ. ರೊಟ್ಟಿಯನ್ನೂ ಬಿಟ್ಟೆ. ಬೆಳಿಗ್ಗೆ ಒಂದು ಬಾಳೆಹಣ್ಣು, ಸಂಜೆ ಮಜ್ಜಿಗೆ. ನಡಿಗೆಯನ್ನೂ ನಿಲ್ಲಿಸಿದೆ, ಶಕ್ತಿ ಇಲ್ಲ.

86.1. ಇಳಿಯುತ್ತಿದೆ.

ಜುಲೈ 17, ಮಧ್ಯಾಹ್ನ

84.2.

ರೆಕಾರ್ಡ್ ರೂಮಿನಲ್ಲಿ ಬಿದ್ದೆ. ಎದ್ದಾಗ ಸುಂಕಮ್ಮನ ತೊಡೆಯ ಮೇಲೆ ತಲೆ. ಸಕ್ಕರೆ ನೀರು ಬಾಯಿಗೆ ಹಿಡಿದಿದ್ದಳು. "ಯಾರ ಸಲುವಾಗಿ ಹಿಂಗ ಸಾಯಾಕತ್ತೀರಿ ಮೇಡಂ?"

ಅಳು ಬಂತು. ಹೇಳಿಬಿಟ್ಟೆ. ಸುಂಕಮ್ಮ ಉಳಿದ ಸಕ್ಕರೆ ನೀರನ್ನೂ ಕುಡಿಸಿದಳು. ನಂತರ ಹೇಳಿದಳು, "ಕೊಡಾಕಿ ಗಟ್ಟಿ ಇರಬೇಕಲ್ರಿ."

ಜುಲೈ 19

ರೇಣುಕಾದೇವಿ ಬೈದರು. ಹೀಗೆ ಉಪವಾಸ ಬಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದಂತೆ. ತಿನ್ನಲು ಶುರು ಮಾಡಿದ ಕೂಡಲೇ ತೂಕ ವಾಪಸ್. "ವ್ಯಾಯಾಮ ಅದಕ್ಕ ಬೇಕಾಗಿದ್ದು ಮೇಡಂ. ಇಳಿದ ತೂಕ ಇಳಿದಂಗ ಇರಾಕ, ಮೈ ಸೋಲದಂಗ ಇರಾಕ. ಆಪರೇಷನ್ ತಡಕೋಬೇಕು ನೀವು."

ಕುರ್ಚಿಯಿಂದ ಇಪ್ಪತ್ತು ಸಲ ಕೂತು ಏಳುವುದು. ನೀರಿನ ಬಾಟಲಿ ಎರಡೂ ಕೈಯಲ್ಲಿ ಎತ್ತುವುದು. ಮತ್ತೆ ರೊಟ್ಟಿ. ಮತ್ತೆ ನಡಿಗೆ.

ಆಗಸ್ಟ್ 17, ಭಾನುವಾರ

83.4. ಬಸ್ಸಿನಲ್ಲಿ ಹಂಪಿಗೆ ಹೋದೆ. ಮಾತಂಗ ಬೆಟ್ಟ ಹತ್ತಿದೆ. ಹನ್ನೊಂದು ಕಡೆ ಕೂತೆ, ಆದರೂ ಹತ್ತಿದೆ.

ಪೂಜಿ ಎಂಟನೇ ಕ್ಲಾಸಿನಲ್ಲಿದ್ದಾಗ ಇಲ್ಲಿಗೆ ಕರೆತಂದಿದ್ದೆ. ನಾನು ಅರ್ಧಕ್ಕೇ ಕೂತುಬಿಟ್ಟೆ. ಅವಳು ಮೇಲೆ ಹೋಗಿ "ಅಕ್ಕಾ, ಹೊಳಿ ಕಾಣ್ತೈತಿ! ಬಾರೇ!" ಎಂದು ಕೂಗುತ್ತಲೇ ಇದ್ದಳು. ನನಗೆ ಏಳಲು ಆಗಲಿಲ್ಲ. ಬೇಜಾರಾಗಿ ಇಳಿದು ಬಂದಳು.

ಇವತ್ತು ಹೊಳೆ ನೋಡಿದೆ. ಪಕ್ಕದಲ್ಲಿ ಯಾರೋ ಕಾಲೇಜು ಹುಡುಗಿಯರು ಸೆಲ್ಫಿ ತೆಗೆಯುತ್ತಿದ್ದರು. ಒಬ್ಬಳು ಇನ್ನೊಬ್ಬಳನ್ನು ಅಕ್ಕಾ ಎಂದು ಕರೆದಳು. ತಿರುಗಿ ನೋಡಿದೆ.

ಆರು ವರ್ಷ. ಆ ಪದ ನನಗೆ ಯಾರೂ ಅಂದಿಲ್ಲ. ಪಂಪೇಶ್ ಅಂದದ್ದು ಬಿಟ್ಟರೆ.

ಸೆಪ್ಟೆಂಬರ್ 28, ಸಂಡೂರಿನಿಂದ ಬಂದ ಮೇಲೆ

80.8. ಇನ್ನು ಹೇಳಬಹುದು ಅನ್ನಿಸಿತು. ಪಂಪೇಶನಿಗೆ ಫೋನ್ ಮಾಡಿ ಹೋದೆ. ಸಂಡೂರಿನ ಬಸ್‌ಸ್ಟ್ಯಾಂಡ್ ಹಿಂದಿನ ಓಣಿ, ಎರಡು ರೂಮಿನ ಬಾಡಿಗೆ ಮನೆ. ಅಂಗಳದ ತುಳಸಿ ಎಲೆಯ ಮೇಲೂ ಕೆಂಪು ಧೂಳು.

ಪೂಜಿ ಒಳಗಿನ ಕೋಣೆಯಿಂದ ಹೊರಗೆ ಬರಲೇ ಇಲ್ಲ. ಪಂಪೇಶ್ ಒಳಗೆ ಹೋಗಿ ಹೇಳಿದ. ಅವಳ ದನಿ ಕೇಳಿಸಿತು. ಅದೇ ದನಿ, ಸ್ವಲ್ಪ ಒಣಗಿದೆ.

"ಒಲ್ಲೆ ಅಂತ ಹೇಳ್ರಿ. ಕೊಟ್ಟು ಕೈ ತೊಳಕೊಂತಾಳ ಆಕಿ. ಆಮ್ಯಾಲ ನನಗ ಆಕಿನ ಬೈಯಾಕೂ ಬರದಂಗ ಆಗತೈತಿ."

ಪಂಪೇಶ್ ತಲೆ ತಗ್ಗಿಸಿ ನಿಂತ. ನಾನು ಚಪ್ಪಲಿ ಹಾಕಿಕೊಂಡೆ.

ಬರೆದುಬಿಡುತ್ತೇನೆ. ಆರು ವರ್ಷದ ಹಿಂದೆ, ಅವರ ಮದುವೆ ದಿನ, ಹೊಸಪೇಟೆ ರಿಜಿಸ್ಟ್ರಾರ್ ಆಫೀಸಿನಿಂದ ಪೂಜಿ ಫೋನ್ ಮಾಡಿದ್ದಳು. "ಅಕ್ಕಾ, ಸಾಕ್ಷಿಗೆ ಒಬ್ಬರು ಕಡಿಮಿ ಅದಾರ. ನೀ ಬಾ." ಆಟೋದಲ್ಲಿ ಹದಿನೈದು ನಿಮಿಷ. ಪಂಪೇಶನ ಜಾತಿಯ ಕಾರಣಕ್ಕೆ ಅಪ್ಪ ಮೊದಲೇ ಹೇಳಿದ್ದರು, ಆ ಮದುವೆಗೆ ಹೋದವರಿಗೆ ಈ ಮನೆ ಇಲ್ಲ ಎಂದು. "ಆಡಿಟ್ ಐತಿ, ಬರಾಕಾಗೂದಿಲ್ಲ" ಎಂದೆ. ಆಡಿಟ್ ಇರಲಿಲ್ಲ. ಟೇಬಲ್ ಮೇಲೆ ಒಂದು ಫೈಲೂ ಇರಲಿಲ್ಲ.

ನವೆಂಬರ್ 14

ಒಂದೂವರೆ ತಿಂಗಳಿಂದ ಬರೆದಿಲ್ಲ. ನಡೆದಿಲ್ಲ. ದೀಪಾವಳಿಗೆ ಕಂಪ್ಲಿಗೆ ಹೋಗಿ ಹೋಳಿಗೆ, ಕರ್ಜಿಕಾಯಿ, ತುಪ್ಪ... ಎಷ್ಟು ತಿಂದೆ ಅಂತ ಲೆಕ್ಕವಿಲ್ಲ. ಯಾರಿಗಾಗಿ ಬಿಡಬೇಕು ಅನ್ನಿಸಿತು.

ಇವತ್ತು ಮಷೀನ್ ಮೇಲೆ ನಿಂತೆ. 84.0.

ಸುಂಕಮ್ಮ ಮಾತ್ರ ಕೇಳುತ್ತಾಳೆ. "ಆಕಿ ಒಲ್ಲೆ ಅಂದ್ರ ನೀವೂ ಬಿಟ್ಟುಬಿಡಾದೇನ್ರಿ? ಬೈಯಾಕ ಬರಂಗಿಲ್ಲ ಅಂದಾಳ ಅಂದ್ರ, ಬೈಬೇಕಂತ ಆಸೆ ಐತಿ ಆಕಿಗೆ. ಹೋಗಿ ಬೈಸಿಕೊಳ್ರಿ."

ನವೆಂಬರ್ 21, ಶುಕ್ರವಾರ

ಹೊಸಪೇಟೆಯಲ್ಲೇ ಡಯಾಲಿಸಿಸ್, ಮಂಗಳವಾರ ಮತ್ತು ಶುಕ್ರವಾರ, ಬೆಳಿಗ್ಗೆ. ಅರ್ಧ ದಿನ ರಜೆ. ಡ್ಯಾಂನಿಂದ ಆಸ್ಪತ್ರೆ ತನಕ ನಡೆದೇ ಹೋದೆ. ಕಾರಿಡಾರಿನ ಬೆಂಚಿನ ಮೇಲೆ ಕೂತೆ. ಪಂಪೇಶ್ ನೋಡಿ ಒಳಗೆ ಹೋದ. ಹೊರಗೆ ಬಂದು ಬೆಂಚಿನ ಇನ್ನೊಂದು ತುದಿಗೆ ಕೂತ. ನಾಲ್ಕು ತಾಸು ಕೂತು ಬಂದೆ.

ನವೆಂಬರ್ 25

ಕೂತು ಬಂದೆ. 83.1.

ನವೆಂಬರ್ 28

ಗಾಲಿಕುರ್ಚಿಯಲ್ಲಿ ಕರೆದೊಯ್ಯುವಾಗ ನೋಡಿದೆ. ಮುಖ ಊದಿದೆ, ಕೈ ಕಡ್ಡಿ. ಜಡೆ ಸಣ್ಣದಾಗಿದೆ. ಎಣ್ಣೆ ಹಚ್ಚಿ ನಾನೇ ಹೆಣೆಯುತ್ತಿದ್ದ ಜಡೆ. ನನ್ನ ಕಡೆ ತಿರುಗಲಿಲ್ಲ. ಆದರೆ ನಾನಿದ್ದೇನೆ ಅಂತ ಗೊತ್ತು. ಸೆರಗು ಸರಿ ಮಾಡಿಕೊಂಡಳು.

ಡಿಸೆಂಬರ್ 12, ಶುಕ್ರವಾರ



ಹತ್ತು ಗಂಟೆಗೆ ಪಂಪೇಶ್ ಹೊರಗೆ ಬಂದ. "ಕರೀತಾಳ್ರಿ ಅಕ್ಕಾರ."

ಒಳಗೆ ಹೋದೆ. ಮಷೀನ್ ಗುಂಯ್ ಅನ್ನುತ್ತಿತ್ತು. ಕೊಳವೆಯಲ್ಲಿ ಅವಳ ರಕ್ತ ಹೋಗುತ್ತಿತ್ತು, ಬರುತ್ತಿತ್ತು. ಸ್ಟೂಲ್ ಮೇಲೆ ಕೂತೆ. ಮೇಲಿಂದ ಕೆಳಗೆ ನೋಡಿದಳು.

"ಮುಖಾ ಏನ್ ಹಿಂಗ ಮಾಡಿಕೊಂಡೀ? ಯಾರ್ ಹೇಳಿದ್ರು ನಿನಗ ಇದೆಲ್ಲಾ ಮಾಡಂತ?"

"ಯಾರೂ ಹೇಳಿಲ್ಲ."

"ಹೂಂ. ಬಾ ಅಂದಾಗ ಬರಲಿಲ್ಲ, ಬ್ಯಾಡ ಅಂದಾಗ ಬರ್ತಿ."

ಅಲ್ಲಿಂದ ಶುರು. ಸಾಕ್ಷಿಗೆ ಜನ ಇಲ್ಲದೆ ಪಂಪೇಶ್ ಎದುರಿನ ಚಾ ಅಂಗಡಿಯವನನ್ನು ಕರೆತಂದನಂತೆ. "ಅವನ ಹೆಸರೂ ಗೊತ್ತಿರಲಿಲ್ಲ ನನಗ. ನನ್ನ ಮದ್ವಿ ಕಾಗದದಾಗ ಅವನ ಸಹಿ ಐತಿ ಅಕ್ಕಾ. ಕೈಯಾಗಿನ ಚಾ ವಾಸನಿ ಹಂಗ ಇತ್ತು." ಸ್ಕೂಲಿನ ಕೆಲಸದ ಮೊದಲ ಸಂಬಳದಲ್ಲಿ ನನಗೆ ಸೀರೆ ತಂದಿಟ್ಟದ್ದು, ಎರಡು ವರ್ಷ ಕಾದು ತನ್ನ ಅತ್ತೆ ಹುಲುಗಮ್ಮನಿಗೆ ಕೊಟ್ಟದ್ದು. ಮೂರು ತಿಂಗಳ ಬಸಿರು ಇಳಿದಾಗ ನನ್ನ ನಂಬರ್ ಒತ್ತಿ ಒತ್ತಿ ಕಟ್ ಮಾಡಿದ್ದು. ನನಗೆ ಇದು ಯಾವುದೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಂಡಿರಲಿಲ್ಲ.

ಮಧ್ಯೆ ಉಸಿರು ಸಾಲದೆ ನಿಲ್ಲಿಸುತ್ತಿದ್ದಳು. ನರ್ಸ್ ಬಂದು "ಮಾತು ಕಡಿಮಿ ಮಾಡ್ರಿ, ಬಿ.ಪಿ. ಏರತೈತಿ" ಅಂದರೂ ಕೇಳಲಿಲ್ಲ. ನಾನು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ.

ಹೊರಡುವಾಗ ಕಣ್ಣು ಮುಚ್ಚಿಕೊಂಡೇ ಅಂದಳು, "ಮಂಗಳವಾರ ಬಾ. ಇನ್ನೂ ಐತಿ."

ಆರು ವರ್ಷದ ಮೇಲೆ ಇವತ್ತು ಎಷ್ಟು ಸಲ ಅಕ್ಕಾ ಅಂದಳೋ. ಎಣಿಸಬೇಕು ಅಂದುಕೊಂಡೆ, ಮರೆತೆ.

ಡಿಸೆಂಬರ್ 30

80.0. ಮಂಗಳವಾರ. ಬೈಗುಳ ಕಡಿಮೆಯಾಗಿದೆ, ಮಾತು ಬಂದಿದೆ. ಅವಳಿಗೆ ದಿನಕ್ಕೆ ಮೂರು ಲೋಟ ನೀರು, ಅಷ್ಟೇ. ಔಷಧಿಗೇ ಒಂದು ಹೋಗುತ್ತದೆ.

"ಡ್ಯಾಂ ಮುಂದ ಮನಿ ಐತಿ ನಿಂದು. ನೀರು ಹೆಂಗೈತಿ ಹೇಳು," ಎಂದಳು. ಹೇಳಿದೆ. ಬೆಳಿಗ್ಗೆ ಮಂಜು, ಬಿಸಿಲು ಬಂದ ಮೇಲೆ ಹೊಳಪು. ಕಣ್ಣು ಮುಚ್ಚಿ ಕೇಳಿದಳು. ನಂತರ ತಾನು ಸ್ಕೂಲಿನಲ್ಲಿ ಮಕ್ಕಳ ಜೊತೆ ಉಣ್ಣುತ್ತಿದ್ದ ಬಿಸಿ ಅನ್ನ, ಸಾರಿನ ಸುದ್ದಿ ನನಗೆ ಹೇಳಿದಳು. ಇಬ್ಬರಿಗೂ ಬಾಯಲ್ಲಿ ನೀರು. ಪಂಪೇಶ್ ನಗುತ್ತಾ ಹೊರಗೆ ಹೋದ.

ಜನವರಿ 9

ಒಪ್ಪಿದಳು. "ಕೊಟ್ಟ ಮ್ಯಾಲ ಮತ್ತ ಆರು ವರ್ಷ ಹೋದಿ ಅಂದ್ರ ನೋಡು" ಎಂದಳು. ಅಷ್ಟೇ.

ಜನವರಿ 15, ಕಂಪ್ಲಿ

77.9. ಅಮ್ಮ ಪಂಪಮ್ಮ ಸಂಕ್ರಾಂತಿಗೆ ಎಳ್ಳು ಹಚ್ಚಿದ ರೊಟ್ಟಿ ಮಾಡಿದ್ದಳು. ಎರಡು ತಿಂದೆ. ಮೂರನೆಯದು ಹಾಕಲು ಬಂದಾಗ ತಟ್ಟೆಗೆ ಕೈ ಅಡ್ಡ ಹಿಡಿದೆ. ಯಾಕೆ ಎಂದಾಗ ಅಪ್ಪನ ಮುಂದೆಯೇ ಹೇಳಿದೆ.

ಅಮ್ಮ ಅಲ್ಲೇ ಕುಸಿದು ಕೂತಳು. ಪೂಜಿಗೆ ಕಾಯಿಲೆ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಅಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದು ಮಿಲ್ಲಿಗೆ ಹೋದರು. ಸಂಜೆ ತನಕ ಬರಲಿಲ್ಲ. ಬೇಡ ಅನ್ನಲಿಲ್ಲ. ಪೂಜಿಯ ಹೆಸರೂ ಎತ್ತಲಿಲ್ಲ.

ಮಾರ್ಚ್ 10

73.7.

ಮೂರು ಸಲ ನಿಂತು ನೋಡಿದೆ. ರೇಣುಕಾದೇವಿಗೆ ಫೋನ್ ಮಾಡಿದೆ. "ಇವತ್ತೂ ನಡದ್ರೇನು?" ಎಂದು ಕೇಳಿದರು. ನಡೆದೆ ಎಂದೆ. "ಆಪರೇಷನ್ ಆದ ಮ್ಯಾಲೂ ನಡೀಬೇಕು, ಗೊತ್ತಾತಲ್ಲ?"

ಪಂಪೇಶನಿಗೂ ಫೋನ್ ಮಾಡಿ ಹೇಳಿದೆ. ಅಳುತ್ತಿದ್ದ ಅನ್ನಿಸುತ್ತದೆ.

ಮಾರ್ಚ್ 30, ಹುಬ್ಬಳ್ಳಿ

ಅಂಗದಾನದ ಕಮಿಟಿ ಒಪ್ಪಿದೆ. ನಾಳೆ ಬೆಳಿಗ್ಗೆ ಏಳಕ್ಕೆ ಆಪರೇಷನ್. ಮೊದಲು ನಾನು, ಆಮೇಲೆ ಪೂಜಿ. ಅಮ್ಮ ಬಂದಿದ್ದಾಳೆ, ಪೂಜಿಯ ಕಾಲು ಹಿಡಿದುಕೊಂಡೇ ಕೂತಿದ್ದಾಳೆ. ಅಪ್ಪ ಬಂದಿಲ್ಲ. ಬಾಗಿಲಲ್ಲಿ ಹೆಜ್ಜೆ ಸಪ್ಪಳವಾದಾಗೆಲ್ಲ ಪೂಜಿ ತಲೆ ಎತ್ತುತ್ತಾಳೆ.

ಏಪ್ರಿಲ್ 4, ಮಧ್ಯಾಹ್ನ 3.40

ನಾಲ್ಕನೇ ದಿನ. ಹೊಲಿಗೆ ಚುಚ್ಚುತ್ತದೆ, ನಕ್ಕರೆ ಇನ್ನೂ ಹೆಚ್ಚು. ಕಿಡ್ನಿ ಆಪರೇಷನ್ ಮೇಜಿನ ಮೇಲೇ ಕೆಲಸ ಶುರು ಮಾಡಿತು ಎಂದರು ಡಾಕ್ಟರ್. ಅವಳ ರಕ್ತದ ಕಲ್ಮಶ, ಕ್ರಿಯಾಟಿನಿನ್, ಎಂಟರಿಂದ ಒಂದೂವರೆಗೆ ಇಳಿದಿದೆ. ಸೋಂಕು ತಗುಲಬಾರದು ಅಂತ ಅವಳು ಗಾಜಿನ ಕೋಣೆಯಲ್ಲಿ ಬೇರೆ ಇದ್ದಾಳೆ, ನಾವ್ಯಾರೂ ಒಳಗೆ ಹೋಗುವಂತಿಲ್ಲ. ನರ್ಸ್ ನನ್ನನ್ನು ದಿನಕ್ಕೆ ಮೂರು ಸಲ ನಡೆಸುತ್ತಾರೆ. ಇಲ್ಲಿಂದ ಆ ಗಾಜಿನ ತನಕ ಅರವತ್ತು ಹೆಜ್ಜೆ.

ಒಂದು ಗಂಟೆಗೆ ಅಪ್ಪನ ಫೋನ್ ಬಂದಿತ್ತು. ಹಿಂದೆ ಮಿಲ್ಲಿನ ಸದ್ದು. ನಂತರ,

"ಸುನೀ... ಊಟಾ ಮಾಡಿದ್ರೇನು?"

ನಾನು ಹುಟ್ಟಿದಾಗಿನಿಂದ ಅಪ್ಪ ನನ್ನನ್ನು ನೀನು ಅಂದವರೇ. ಮಾಡಿದೇನು ಅನ್ನಬೇಕು. ಇಬ್ಬರನ್ನೂ ಸೇರಿಸಿ ಕೇಳಿದ್ದು ಎಂದು ನನಗೆ ಒಂದು ಕ್ಷಣ ತಿಳಿಯಲಿಲ್ಲ.

"ನಂದು ಆತಪಾ," ಎಂದೆ.

"ಮತ್ತ... ಆಕಿದು?"

ಗಂಜಿ ಕುಡಿದಾಳ ಎಂದೆ. ನರ್ಸ್ ಕೈಯಲ್ಲಿ ಅವಳಿಗೆ ಫೋನ್ ಕೊಡಿಸಲೇನು ಎಂದು ಕೇಳಿದೆ. ಮತ್ತೆ ಮಿಲ್ಲಿನ ಸದ್ದು. "ಈಗ ಬ್ಯಾಡ, ಇಲ್ಲಿ ಮಂದಿ ಅದಾರ. ನಾಕಕ್ಕ ಮಾಡ್ತೀನಿ."

ಪೂಜಿಗೆ ಹೇಳಿ ಕಳಿಸಿದೆ. ಗಾಜಿನ ಆಚೆ ಎದ್ದು ಕೂತಿದ್ದಾಳಂತೆ. ಅಮ್ಮನಿಂದ ತಲೆ ಬಾಚಿಸಿಕೊಳ್ಳಲು ಆಗುವುದಿಲ್ಲ ಅಂತ ನರ್ಸ್ ಕೈಯಲ್ಲೇ ಬಾಚಿಸಿಕೊಂಡಳಂತೆ, ಫೋನಿನಲ್ಲಿ ಅಪ್ಪನಿಗೆ ಕಾಣುವುದಿಲ್ಲ ಎಂದರೂ.

ಹತ್ತು ನಿಮಿಷ ಮೊದಲೇ ಹೋಗಿ ಗಾಜಿನ ಹತ್ತಿರ ನಿಂತಿರಬೇಕು. ನಾಲ್ಕಕ್ಕೆ ಅಂದವರು ನಾಲ್ಕಕ್ಕೇ ಮಾಡುತ್ತಾರೋ, ಮನಸ್ಸು ಬದಲಿಸಿ

ಫೋನ್. ಅಪ್ಪನದು